ಪಾರ್ಟ್ ಚೇಂಜ್ ಮಾಡಿದ್ಮೇಲೆ ಪಿಸಿ ಆನ್ ಆಗ್ತಿಲ್ವಾ? ಅಂಗಡಿಗೆ ಹೊತ್ಕೊಂಡು ಹೋಗೋ ಮುಂಚೆ ಹೀಗೆ ನೋಡಿ

ಹೋದ ತಿಂಗಳು ಹಾಸನದಿಂದ ನಮ್ಮಣ್ಣನ ಮಗ ರಾತ್ರಿ ಹತ್ತೂವರೆಗೆ ವಿಡಿಯೋ ಕಾಲ್ ಮಾಡ್ದ. ಮುಖ ನೋಡಿದ್ರೆ ಅಳೋದೊಂದೇ ಬಾಕಿ. "ಚಿಕ್ಕಪ್ಪ, ಪಿಸಿ ಹೋಯ್ತು, ಅಪ್ಪಂಗೆ ಹೇಳ್ಬೇಡಿ" ಅಂದ. ಏನಾಗಿತ್ತು ಅಂದ್ರೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತಲ್ಲ, ಇವನ ಹತ್ರ ಇದ್ದಿದ್ದು ಎಎಂಡಿ ಕಂಪನಿಯ ರೈಜನ್ 5 1600 ಪ್ರೊಸೆಸರ್, ಅದು ವಿಂಡೋಸ್ 11 ಲಿಸ್ಟಲ್ಲೇ ಇಲ್ಲ, ಸರಿ ಅಂತ ಸೆಕೆಂಡ್ ಹ್ಯಾಂಡಲ್ಲಿ ಒಂದು ರೈಜನ್ 5 5600 ತಗೊಂಡು, ಜೊತೆಗೆ ಹೊಸ ರ‍್ಯಾಮು, ಹೊಸ ಕೂಲರ್ರು, ಮೂರನ್ನೂ ಒಂದೇ ಏಟಿಗೆ ಹಾಕ್ಬಿಟ್ಟಿದಾನೆ. ಫ್ಯಾನ್ ತಿರುಗ್ತಿದೆ, ಬಣ್ಣಬಣ್ಣದ ಲೈಟ್ ಎಲ್ಲಾ ಉರೀತಿದೆ, ಮಾನಿಟರ್ ಮಾತ್ರ ನೋ ಸಿಗ್ನಲ್ ಅಂತ ಕೂತಿದೆ.

ನಾನೇನು ಹಾರ್ಡ್‌ವೇರ್ ಇಂಜಿನಿಯರ್ ಅಲ್ಲ, ಮನೆಯವರ್ದು ನೆಂಟರದ್ದು ಕ್ಯಾಬಿನೆಟ್ ಬಿಚ್ಚಿ ಬಿಚ್ಚಿ ಕಲ್ತಿದ್ದು ಅಷ್ಟೇ. ಅಷ್ಟರಲ್ಲಿ ಗೊತ್ತಾಗಿರೋ ಒಂದು ವಿಷ್ಯ ಏನಂದ್ರೆ, ನಿನ್ನೆವರೆಗೂ ಓಡ್ತಿದ್ದ ಪಿಸಿ ಇವತ್ತು ನೀವು ಕೈ ಹಾಕಿದ್ಮೇಲೆ ನಿಂತಿದೆ ಅಂದ್ರೆ ತಪ್ಪು ಕೈ ಹಾಕಿದ ಜಾಗದಲ್ಲೇ ಇರತ್ತೆ. ಹೊಸ ಪಾರ್ಟ್ ಸತ್ತೇ ಬಂದಿರೋದು ಕಮ್ಮಿ, ಅರ್ಧಂಬರ್ಧ ಕೂತಿರೋದು ಜಾಸ್ತಿ. ಅದಕ್ಕೇ ಒಂದ್ಸಲಕ್ಕೆ ಒಂದೇ ಪಾರ್ಟ್ ಹಾಕ್ಬೇಕು, ಆನ್ ಮಾಡಿ ನೋಡ್ಬೇಕು, ಆಮೇಲೆ ಮುಂದಿಂದು. ಮೂರೂ ಒಟ್ಟಿಗೆ ಹಾಕಿದ್ರೆ ಯಾವನು ಕಳ್ಳ ಅಂತ ಹುಡುಕೋದು ಹೇಗೆ?

ಇನ್ನು "ಆನ್ ಆಗ್ತಿಲ್ಲ" ಅನ್ನೋದ್ರಲ್ಲೇ ಮೂರು ಥರ ಇದೆ, ಮನೇಲಿ ಎಲ್ರೂ ಒಂದೇ ಮಾತಲ್ಲಿ ಹೇಳ್ಬಿಡ್ತಾರೆ. ಬಟನ್ ಒತ್ತಿದ್ರೆ ಉಸಿರೇ ಇಲ್ಲ, ಅದೊಂದು. ಫ್ಯಾನು ಲೈಟು ಎಲ್ಲಾ ಇದೆ, ಡಿಸ್ಪ್ಲೇ ಇಲ್ಲ, ಅದೊಂದು. ಲೋಗೋ ಬರತ್ತೆ ಆದ್ರೆ ವಿಂಡೋಸ್ ಬರಲ್ಲ, ಅದು ಮೂರ್ನೇದು. ನಿಮ್ದು ಯಾವ್ದು ಅಂತ ಮೊದ್ಲು ನೋಡ್ಕೊಳ್ಳಿ, ಮೂರಕ್ಕೂ ಔಷಧಿ ಬೇರೆ.

ಒಳಗೆ ಕೈ ಹಾಕೋಕ್ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ನ ಒಂದು ಹದಿನೈದು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳ್ದಿರೋ ಕರೆಂಟ್ ಇಳಿಯತ್ತೆ. ಕೆಲವೊಮ್ಮೆ ಇಷ್ಟಕ್ಕೇ ಪಿಸಿ ಸರಿಹೋಗೋದೂ ಇದೆ. ಆಮೇಲೆ ಕ್ಯಾಬಿನೆಟ್‌ದು ಬಣ್ಣ ಹಚ್ಚದೇ ಇರೋ ಕಬ್ಬಿಣದ ಜಾಗ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ಹೋಗತ್ತೆ. ಅಂದಹಾಗೆ ಪಿಸಿ ಆನ್ ಇರುವಾಗ ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಂ ಅನ್ನತ್ತೆ ಅಂತಿದ್ರೆ ನಿಮ್ಮನೆ ಪ್ಲಗ್ ಪಾಯಿಂಟಲ್ಲಿ ಅರ್ಥಿಂಗ್ ಸರಿ ಇಲ್ಲ ಅಂತ, ಅದಕ್ಕೆ ಎಲೆಕ್ಟ್ರಿಷಿಯನ್ನ ಕರ್ಸಿ, ಪಿಸಿ ರಿಪೇರಿಗಿಂತ ಅದು ಅರ್ಜೆಂಟು.

ಬಟನ್ ಒತ್ತಿದ್ರೆ ಉಸಿರೇ ಇಲ್ಲ

ನಗಬೇಡಿ, ಪಿಸಿಗೆಲ್ಲಾ ಕರೆಂಟ್ ಹಂಚೋ ಡಬ್ಬಾ ಇರತ್ತಲ್ಲ, ಮೊದ್ಲು ಆ ಎಸ್‌ಎಂಪಿಎಸ್ ಹಿಂದುಗಡೆ ಸ್ವಿಚ್ ನೋಡಿ. ಒಳಗೆ ಕೆಲಸ ಮಾಡೋವಾಗ ಆಫ್ ಮಾಡಿರ್ತೀವಿ, ಮತ್ತೆ ಆನ್ ಮಾಡೋದು ಮರ್ತಿರ್ತೀವಿ. ಅಲ್ಲಿ ಗೆರೆ ಥರ ಇರೋ ಕಡೆ ಒತ್ತಿದ್ರೆ ಆನ್, ಸೊನ್ನೆ ಕಡೆ ಆಫ್. ಜಂಕ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆ ಪ್ಲಗ್ಗಿಗೇ ಹಾಕಿ ನೋಡಿ.

ಆಮೇಲೆ ಕ್ಯಾಬಿನೆಟ್ ಮುಂದಿನ ಬಟನ್ನಿಂದ ಬೋರ್ಡಿಗೆ ಬರೋ ಸಣ್ಣ ವೈರು. ಮದರ್‌ಬೋರ್ಡ್ ಬದಲಾಯಿಸಿದ್ರೆ ಇದು ತಪ್ಪೋದು ಸಹಜ, ಅಷ್ಟು ಚಿಕ್ಕ ಪಿನ್ನು, ಅಕ್ಷರ ಓದೋಕೆ ಕನ್ನಡಕ ಬೇಕು. ಮ್ಯಾನುಯಲ್ ನೋಡಿ ಪವರ್ ಸ್ವಿಚ್‌ದು ಎರಡು ಪಿನ್ ಯಾವ್ದು ಅಂತ ಹುಡುಕಿ, ಆ ಎರಡನ್ನೂ ಸ್ಕ್ರೂಡ್ರೈವರ್ ತುದೀಲಿ ಒಂದು ಕ್ಷಣ ಒಟ್ಟಿಗೆ ಮುಟ್ಸಿ. ಪಿಸಿ ಎದ್ರೆ ಬೋರ್ಡು ಎಸ್‌ಎಂಪಿಎಸ್ಸು ಎರಡೂ ಸರಿ, ಬಟನ್ ವೈರ್ ಮಾತ್ರ ಜಾಗ ತಪ್ಪಿದೆ.

ಆಗ್ಲೂ ಏಳ್ಲಿಲ್ಲ ಅಂದ್ರೆ 24 ಪಿನ್ ದೊಡ್ಡ ಕನೆಕ್ಟರ್ ಪೂರ್ತಿ ಕೂತಿದ್ಯಾ ನೋಡಿ, ಅದು ತುಂಬ ಬಿಗಿ ಇರತ್ತೆ, ಬೋರ್ಡ್ ಬಗ್ಗತ್ತೆ ಅಂತ ಹೆದ್ರಿ ನಾವೇ ಅರ್ಧಕ್ಕೆ ಬಿಟ್ಟಿರ್ತೀವಿ. ಎಸ್‌ಎಂಪಿಎಸ್ ಮೇಲೇ ಅನುಮಾನ ಇದ್ರೆ ಅದನ್ನ ಎಲ್ಲದ್ರಿಂದ ಬಿಡ್ಸಿ, ಸ್ವಿಚ್ ಆಫ್ ಇಟ್ಕೊಂಡೇ 24 ಪಿನ್ನಲ್ಲಿರೋ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಹಾಕಿ ಆಮೇಲೆ ಆನ್ ಮಾಡಿ. ಫ್ಯಾನ್ ತಿರುಗಿದ್ರೆ ಜೀವ ಇದೆ. ಕೆಲವು ಮಾಡೆಲಲ್ಲಿ ಲೋಡ್ ಇಲ್ದೆ ಫ್ಯಾನ್ ತಿರುಗೋದೇ ಇಲ್ಲ, ಅದು ನೆನಪಿರ್ಲಿ. ಜೀವ ಇದ್ರೂ ಗ್ರಾಫಿಕ್ಸ್ ಕಾರ್ಡ್ ಹೊರೋ ಶಕ್ತಿ ಇದೆ ಅಂತೇನಲ್ಲ. ಎಸ್‌ಎಂಪಿಎಸ್ ಡಬ್ಬಾನ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ಪ್ಲಗ್ ಕಿತ್ತಿದ್ರೂ ಒಳಗಿನ ಕೆಪಾಸಿಟರಲ್ಲಿ ಹೊಡೆಯೋವಷ್ಟು ಕರೆಂಟ್ ಉಳ್ದಿರತ್ತೆ.

ಎಸ್‌ಎಂಪಿಎಸ್‌ನೇ ಬದಲಾಯಿಸಿದವರಿಗೆ ಒಂದು ಮಾತು. ಕೇಬಲ್ ಬಿಚ್ಚಿ ಹಾಕೋ ಥರದ್ದಾದ್ರೆ ಹಳೇ ಕೇಬಲ್ ಹಾಗೇ ಬಿಟ್ಟು ಡಬ್ಬಾ ಮಾತ್ರ ಬದ್ಲಾಯ್ಸೋ ಸೋಮಾರಿತನ ಬೇಡ. ಕನೆಕ್ಟರ್ ಒಂದೇ ಥರ ಇದ್ರೂ ಎಸ್‌ಎಂಪಿಎಸ್ ಕಡೆ ಪಿನ್ನಿನ ಜೋಡಣೆ ಕಂಪನಿಗೊಂದು ಥರ, ಒಂದೇ ಕಂಪನಿಯ ಎರಡು ಮಾಡೆಲಿಗೂ ಬೇರೆ ಇರ್ಬಹುದು. 5 ವೋಲ್ಟ್ ಹೋಗೋ ಕಡೆ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್ ಸುಟ್ಟೋದ್ರೆ ಮದುವೆ ಫೋಟೋ ಎಲ್ಲಾ ಅದ್ರ ಜೊತೆಗೇ ಹೋಗತ್ತೆ.

ಬಟನ್ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ಟಕ್ ಅಂತ ನಿಂತ್ರೆ ಎಲ್ಲೋ ಶಾರ್ಟ್ ಆಗ್ತಿದೆ ಅಂತ ಅನುಮಾನ ಪಡಿ. ಬೋರ್ಡ್ ಕೆಳಗೆ ಅದನ್ನ ಎತ್ತಿ ಹಿಡಿಯೋ ಹಿತ್ತಾಳೆ ಗೂಟ, ಸ್ಟ್ಯಾಂಡಾಫ್, ಇರತ್ತಲ್ಲ, ಹಳೇ ಬೋರ್ಡಿಗೆ ಹಾಕಿದ್ದು ಒಂದು ಹೊಸ ಬೋರ್ಡಿನ ತೂತಿಗೆ ಸೇರದೆ ಹಿಂಬದಿ ಸೋಲ್ಡರಿಗೆ ತಾಗಿದ್ರೆ ಹೀಗಾಗತ್ತೆ. ಬೋರ್ಡ್ ಹೊರಗೆ ತೆಗ್ದು ಅದರದ್ದೇ ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಅಷ್ಟೇ ಹಾಕಿ ಆನ್ ಮಾಡಿ. ಹೊರಗೆ ಓಡಿ ಒಳಗೆ ಓಡ್ಲಿಲ್ಲ ಅಂದ್ರೆ ಕ್ಯಾಬಿನೆಟ್‌ದೇ ಕಿತಾಪತಿ.

ಫ್ಯಾನ್ ತಿರುಗತ್ತೆ, ಡಿಸ್ಪ್ಲೇ ಇಲ್ಲ

ಜನ ಜಾಸ್ತಿ ಒದ್ದಾಡೋದು ಇಲ್ಲೇ, ನಮ್ ಹುಡುಗನ ಕಥೇನೂ ಇದೇ.

ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದೀರ ಅಂತ ಮೊದ್ಲು ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೇಬಲ್ ಕಾರ್ಡಿಗೇ ಹೋಗ್ಬೇಕು, ಮೇಲೆ ಬೋರ್ಡಲ್ಲಿರೋ ಎಚ್‌ಡಿಎಂಐಗೆ ಅಲ್ಲ. 5600, 12400ಎಫ್ ಥರದ ಪ್ರೊಸೆಸರಲ್ಲಿ ಒಳಗೆ ಗ್ರಾಫಿಕ್ಸೇ ಇಲ್ಲ, ಹಾಗಾಗಿ ಬೋರ್ಡಿನ ಪೋರ್ಟಿಂದ ಚಿತ್ರ ಬರೋದಿಲ್ಲ. ಇಂಟೆಲಲ್ಲಿ ಹೆಸರಿನ ಕೊನೇಲಿ ಎಫ್ ಇದ್ರೆ ಗ್ರಾಫಿಕ್ಸ್ ಇಲ್ಲ ಅಂತ, ಎಎಂಡಿಲಿ 5600ಜಿ ಥರ ಜಿ ಇದ್ರೆ ಇದೆ ಅಂತ. ಈ ಒಂದಕ್ಷರ ನೋಡದೆ ದುಡ್ಡು ಉಳಿಸಿದೆ ಅಂತ ಎಫ್ ತಗೊಂಡು, ಕಾರ್ಡ್ ಇಲ್ದೆ ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಮಾಡೋಕೆ ಹೊರಟಿದ್ದವರನ್ನ ನಾನೇ ನೋಡಿದೀನಿ.

ಎರಡ್ನೇದು ಪ್ರೊಸೆಸರ್ ಪವರ್. ಬೋರ್ಡಿನ ಎಡಗಡೆ ಮೇಲ್ಮೂಲೇಲಿ, ಕೂಲರ್ ಹಿಂದೆ ಅವಿತಿರೋ ಥರ, 8 ಪಿನ್ ಸಾಕೆಟ್ ಒಂದಿರತ್ತೆ. ಅದಕ್ಕೆ ವೈರ್ ಹಾಕ್ದೇ ಇದ್ರೂ ಫ್ಯಾನ್ ತಿರುಗತ್ತೆ, ಲೈಟ್ ಉರಿಯತ್ತೆ, ಎಲ್ಲಾ ಸರಿ ಇರೋ ಹಾಗೇ ಕಾಣತ್ತೆ. ನಾನು ಮೊದಲನೇ ಸಲ ಬೋರ್ಡ್ ಬದ್ಲಾಯ್ಸಿದಾಗ ಇದನ್ನ ಮರ್ತು, ಎರಡು ದಿನ ತಲೆ ಕೆಡಿಸ್ಕೊಂಡು, ಕೊನೆಗೆ ಕ್ಯಾಬಿನೆಟ್ನ ಸ್ಕೂಟರ್ ಮುಂದೆ ಇಟ್ಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೆ. ಅಂಗಡಿ ಹುಡುಗ ಟಾರ್ಚ್ ಬಿಟ್ಟು ನೋಡ್ದ, ಒಂದು ವೈರ್ ಎಳ್ದು ಸಿಗ್ಸಿದ, ಆನ್ ಆಯ್ತು. ದುಡ್ಡು ಕೂಡ ತಗೊಳ್ಲಿಲ್ಲ, ಅದೇ ಜಾಸ್ತಿ ಅವಮಾನ ಅನ್ನಿಸ್ತು. ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲೂ 8 ಪಿನ್ನೇ, ಆದ್ರೆ ಅದು 6 ಮತ್ತೆ 2 ಅಂತ ಒಡೆಯತ್ತೆ, ಪ್ರೊಸೆಸರ್‌ದು 4 ಮತ್ತೆ 4 ಅಂತ. ಒಂದ್ರ ಜಾಗಕ್ಕೆ ಇನ್ನೊಂದನ್ನ ತುರುಕ್ಬೇಡಿ. ಪವರ್ ಸಾಕೆಟ್ ಇರೋ ಕಾರ್ಡಿಗೆ ಅದರ ಪವರ್ ಬೇಕೇ ಬೇಕು, ಸ್ಲಾಟಿಂದ ಸಿಗೋದು 75 ವ್ಯಾಟ್ ಮಾತ್ರ.

ಮೂರ್ನೇದು ರ‍್ಯಾಮ್. ಎರಡೂ ಕಡೆ ಕ್ಲಿಪ್ ಇರೋ ಬೋರ್ಡಲ್ಲಿ ಎರಡೂ ಕಡೆ ಟಕ್ ಅನ್ಬೇಕು, ಒಂದೇ ಕಡೆ ಅಂದ್ರೆ ಸಾಲ್ದು. ನಾಲ್ಕು ಸ್ಲಾಟ್ ಇದ್ದು ಎರಡು ರ‍್ಯಾಮ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣ್ಸಿ ಎರಡ್ನೇದು ಮತ್ತೆ ನಾಲ್ಕನೇದಕ್ಕೆ ಹಾಕ್ಬೇಕು. ಡಿಸ್ಪ್ಲೇ ಬರ್ಲಿಲ್ಲ ಅಂದ್ರೆ ಒಂದೇ ರ‍್ಯಾಮ್ ಇಟ್ಕೊಂಡು ಎರಡ್ನೇ ಸ್ಲಾಟಲ್ಲಿ ನೋಡಿ, ಆಮೇಲೆ ಇನ್ನೊಂದು ರ‍್ಯಾಮ್ ಹಾಕಿ ನೋಡಿ. ಹಳೇ ರ‍್ಯಾಮ್ ಆದ್ರೆ ಚಿನ್ನದ ಬಣ್ಣದ ಪಟ್ಟಿನ ಸ್ಕೂಲ್ ಮಕ್ಕಳ ರಬ್ಬರಲ್ಲಿ ಮೆತ್ತಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ ಹಾಕಿ. ಮಂಗಳೂರು ಉಡುಪಿ ಕಡೆ ಮಳೆಗಾಲ ಕಳೆದ ಪಿಸಿಗೆ ಈ ರಬ್ಬರ್ ವೈದ್ಯ ಚೆನ್ನಾಗಿ ಕೆಲಸ ಮಾಡತ್ತೆ. ಡಿಡಿಆರ್4, ಡಿಡಿಆರ್5 ಅಂದ್ರೆ ರ‍್ಯಾಮಿನ ಬೇರೆ ಬೇರೆ ತಲೆಮಾರು, ಡಿಡಿಆರ್4 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಕೂರ್ತಿಲ್ಲ ಅಂದ್ರೆ ಒತ್ತೋದು ನಿಲ್ಸಿ.

ಡಿಡಿಆರ್5 ಇರೋ ಹೊಸ ಪಿಸಿಯವರು, ಅದ್ರಲ್ಲೂ ಎಎಂಡಿಯ ಎಎಂ5 ಸಾಕೆಟ್ ಇರೋ ಬೋರ್ಡಿನವರು, ಸ್ವಲ್ಪ ತಾಳ್ಮೆ ಇಟ್ಕೊಳ್ಳಿ. ಮೊದಲನೇ ಸಲ ಆನ್ ಮಾಡ್ದಾಗ ಬೋರ್ಡು ರ‍್ಯಾಮ್ ಜೊತೆ ಹೊಂದಾಣಿಕೆ ಮಾಡ್ಕೊಳ್ತಾ ಎಷ್ಟೋ ನಿಮಿಷ ಸ್ಕ್ರೀನ್ ಕಪ್ಪಗೇ ಇರತ್ತೆ, ಎರಡು ಮೂರು ಸಲ ತಾನೇ ಆಫ್ ಆಗಿ ಆನ್ ಆಗೋದೂ ಉಂಟು. ನಡುವೆ ನೀವು ಬಟನ್ ಒತ್ತಿ ಆಫ್ ಮಾಡಿದ್ರೆ ಮತ್ತೆ ಮೊದಲಿಂದ ಶುರು. ಆನ್ ಮಾಡ್ಬಿಟ್ಟು ಹೋಗಿ ಕಾಫಿ ಮಾಡ್ಕೊಂಡು ಬನ್ನಿ, ಡಿಕಾಕ್ಷನ್ ಇಳಿಯೋ ಹೊತ್ತು ಕೊಡಿ ಸಾಕು.

ಈಗಿನ ಸುಮಾರು ಬೋರ್ಡಲ್ಲಿ ಒಂದು ಮೂಲೇಲಿ ನಾಲ್ಕು ಸಣ್ಣ ಲೈಟ್ ಇರತ್ತೆ, ಪಕ್ಕದಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಅಂತ ಬರ್ದಿರತ್ತೆ, ಅಂದ್ರೆ ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ ಇರೋ ಡ್ರೈವ್. ಆನ್ ಮಾಡಿದಾಗ ಒಂದೊಂದೇ ಹತ್ತಿ ಆರತ್ತೆ, ಯಾವ್ದು ಆರದೆ ನಿಂತ್ಕೊಳ್ಳತ್ತೋ ಬೋರ್ಡು ಅಲ್ಲಿ ಸಿಕ್ಕಾಕೊಂಡಿದೆ ಅಂತ. ಲೈಟ್ ಇಲ್ದಿರೋ ಹಳೇ ಬೋರ್ಡಿಗೆ ಸಣ್ಣ ಬೀಪ್ ಸ್ಪೀಕರ್ ಸಿಗತ್ತೆ, ಹಾಕಿ ಎಷ್ಟು ಸಲ ಕೂಗತ್ತೆ ಅಂತ ಮ್ಯಾನುಯಲ್ ಜೊತೆ ತಾಳೆ ನೋಡಿ. "ಫೋನ್ ಕ್ಯಾಮೆರಾ ಬೋರ್ಡ್ ಹತ್ರ ಹಿಡಿಯೋ" ಅಂದೆ ನಮ್ ಹುಡುಗಂಗೆ. ಕೆಂಪು ಲೈಟು ಸಿಪಿಯು ಹತ್ರ ನಿಂತಿತ್ತು.

ಸಿಪಿಯು ಲೈಟ್ ಅಂದ್ರೆ ಪ್ರೊಸೆಸರ್ ಸುಟ್ಟಿದೆ ಅಂತ ಗಾಬರಿ ಆಗೋದು ಬೇಡ, ಬೋರ್ಡಿಗೆ ಅದ್ರ ಗುರುತೇ ಸಿಕ್ಕಿಲ್ಲ ಅಂತಾನೂ ಇರ್ಬಹುದು. ಇವನದ್ದು ಬಿ450 ಬೋರ್ಡು, ಅದು ಬಂದಿದ್ದು 2018ರಲ್ಲಿ. ರೈಜನ್ 5000 ಸೀರೀಸ್ ಶುರುವಾಗಿದ್ದೇ 2020ರ ನವೆಂಬರಲ್ಲಿ. ಸಾಕೆಟ್ ಒಂದೇ ಎಎಂ4, ಪ್ರೊಸೆಸರ್ ಚೆಂದಾಗಿ ಕೂರತ್ತೆ, ಆದ್ರೆ ಬೋರ್ಡಿನ ಬಯಾಸ್‌ಗೆ, ಅಂದ್ರೆ ಆನ್ ಮಾಡಿದ ತಕ್ಷಣ ಬೋರ್ಡನ್ನ ಎಬ್ಬಿಸೋ ಒಳಗಿನ ಸಾಫ್ಟ್‌ವೇರಿಗೆ, ಈ ಹೊಸ ಅಳಿಯ ಯಾರು ಅಂತ ಗೊತ್ತಿಲ್ಲ. "ಬಯಾಸ್ ಅಪ್ಡೇಟ್ ಮಾಡಿದ್ಯಾ?" ಅಂದೆ. "ಅದೇನು ಚಿಕ್ಕಪ್ಪ?" ಅಂದ. ಸರಿ, ಕಳ್ಳ ಸಿಕ್ದ.

ಹೊಸ ಪ್ರೊಸೆಸರ್ ತಗೊಳ್ಳೋ ಮುಂಚೆ ಬೋರ್ಡ್ ಕಂಪನಿ ಸೈಟಲ್ಲಿ ನಿಮ್ ಬೋರ್ಡ್ ಪೇಜಿಗೆ ಹೋಗಿ ಸಿಪಿಯು ಸಪೋರ್ಟ್ ಲಿಸ್ಟ್ ನೋಡಿ, ಯಾವ ಬಯಾಸ್ ವರ್ಷನ್ ಬೇಕು ಅಂತ ಪ್ರೊಸೆಸರ್ ಹೆಸರಿನ ಎದ್ರಿಗೇ ಬರ್ದಿರತ್ತೆ. ಕೆಲವು ಬೋರ್ಡಲ್ಲಿ ಪ್ರೊಸೆಸರ್ ಇಲ್ದೇನೇ ಅಪ್ಡೇಟ್ ಮಾಡೋ ಬಟನ್ ಹಿಂದುಗಡೆ ಇರತ್ತೆ, ಫ್ಲ್ಯಾಶ್‌ಬ್ಯಾಕ್ ಅಂತಾರೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡಿ, ಫೈಲ್ ಹೆಸರು ಮ್ಯಾನುಯಲಲ್ಲಿ ಹೇಳಿದ ಹಾಗೇ ಬದಲಾಯ್ಸಿ, ಅದಕ್ಕೇ ಅಂತ ಗುರುತು ಮಾಡಿರೋ ಯುಎಸ್‌ಬಿ ಪೋರ್ಟಿಗೇ ಹಾಕಿ ಬಟನ್ ಒತ್ಬೇಕು, ಲೈಟ್ ಮಿನುಗೋದು ನಿಲ್ಲೋವರೆಗೂ ಮುಟ್ಬಾರ್ದು. ನಡುವೆ ಕರೆಂಟ್ ಹೋದ್ರೆ ಬೋರ್ಡೇ ಕೆಡ್ಬಹುದು, ಯುಪಿಎಸ್ ಇದ್ರೆ ಅದಕ್ಕೆ ಹಾಕಿ, ಇಲ್ಲಾಂದ್ರೆ ಗುಡುಗು ಸಿಡ್ಲು ಇರೋ ಸಂಜೆ ಈ ಕೆಲಸಕ್ಕೆ ಕೂರ್ಬೇಡಿ.

ನಮ್ ಹುಡುಗನ ಬೋರ್ಡಲ್ಲಿ ಆ ಬಟನ್ ಇರ್ಲಿಲ್ಲ. ಹಾಗಿದ್ರೆ ಒಂದೇ ದಾರಿ, ಹಳೇ 1600ನ ವಾಪಸ್ ಹಾಕಿ, ಅದರಲ್ಲಿ ಆನ್ ಮಾಡಿ, ಅಪ್ಡೇಟ್ ಮಾಡಿ, ಆಮೇಲೆ ಹೊಸದು. "ಹಾಕೋ" ಅಂದೆ. ಸುಮ್ನಾದ. ಕೇಳಿದ್ರೆ, ಹಳೇ ಕೂಲರ್ನ ನೇರ ಮೇಲಕ್ಕೆ ಎಳ್ದಿದಾನೆ, ಕೂಲರಿಗೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸೋಕೆ ಹಚ್ಚೋ ಪೇಸ್ಟ್ ಒಣಗಿ ಅಂಟಾಗಿದೆ, ಪ್ರೊಸೆಸರ್ ಕೂಲರಿಗೆ ಅಂಟ್ಕೊಂಡೇ ಸಾಕೆಟಿಂದ ಕಿತ್ತು ಬಂದಿದೆ. ಎಎಂ4 ಪ್ರೊಸೆಸರಲ್ಲಿ 1331 ಪಿನ್ ಕೆಳಗಡೆ ಮುಳ್ಳಿನ ಥರ ಇರತ್ತೆ, ಒಂದು ಅಂಚಲ್ಲಿ ನಾಲ್ಕೈದು ಮಲಗ್ಬಿಟ್ಟಿದೆ. ಇದು ಆಗ್ಬಾರ್ದು ಅಂದ್ರೆ ಬಿಚ್ಚೋಕೆ ಮುಂಚೆ ಪಿಸಿನ ಹತ್ತು ಹದಿನೈದು ನಿಮಿಷ ಓಡ್ಸಿ ಪೇಸ್ಟ್ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರ್ನ ಆಕಡೆ ಈಕಡೆ ಮೆಲ್ಲಗೆ ತಿರುಗಿಸ್ತಾ ಸಡಿಲ ಮಾಡಿ ತೆಗೀಬೇಕು.

ಬಗ್ಗಿದ ಪಿನ್ನಿಗೆ ಮೈಕ್ರೋಟಿಪ್ ಪೆನ್ಸಿಲ್. ಕಡ್ಡಿ ತೆಗೆದ ಖಾಲಿ ಪೆನ್ಸಿಲಿನ ತೂತು ಸರಿಯಾಗಿ ಒಂದು ಪಿನ್ ಮೇಲೆ ಕೂರತ್ತೆ, ಕೂರ್ಸಿ ಕೂದಲೆಳೆಯಷ್ಟೇ ಎತ್ತಿ, ಪಕ್ಕದ ಸಾಲಿನ ಜೊತೆ ಕಣ್ಣಳತೆ ನೋಡಿ, ಮತ್ತೆ ಸ್ವಲ್ಪ ಎತ್ತಿ. ಒಂದೇ ಸಲ ನೆಟ್ಟಗೆ ಮಾಡೋಕೆ ಹೋದ್ರೆ ಮುರಿಯತ್ತೆ. ತಂಗಿ ಜ್ಯಾಮಿಟ್ರಿ ಬಾಕ್ಸಿಂದ ಪೆನ್ಸಿಲ್ ಕದ್ಕೊಂಡು ಬಂದ, ಮುಕ್ಕಾಲು ಗಂಟೆ ಹಿಡೀತು, ಆಕಡೆ ಅವನ ಉಸಿರಾಟ ಫೋನಲ್ಲಿ ಕೇಳ್ತಿತ್ತು. ಕೊನೆಗೆ ಪ್ರೊಸೆಸರ್ ತನ್ ಭಾರಕ್ಕೇ ಸಾಕೆಟ್ ಒಳಗೆ ಇಳೀತು, ಹಾಗೆ ಇಳಿದ್ರೇನೇ ಸರಿ, ಒತ್ತೋ ಪ್ರಮೇಯ ಬರ್ಬಾರ್ದು. ಇಂಟೆಲ್ ಮತ್ತೆ ಎಎಂ5ರಲ್ಲಿ ಪಿನ್ ಇರೋದು ಬೋರ್ಡಿನ ಸಾಕೆಟಲ್ಲಿ, ಸ್ಪ್ರಿಂಗ್ ಥರ ಸೂಕ್ಷ್ಮ, ಅದಕ್ಕೆ ಈ ಪೆನ್ಸಿಲ್ ಆಟ ನಡಿಯಲ್ಲ.

ಹಳೇ ಪ್ರೊಸೆಸರು ಹಳೇ ರ‍್ಯಾಮಲ್ಲಿ ಡಿಸ್ಪ್ಲೇ ಬಂತು. ಬಯಾಸ್ ಅಪ್ಡೇಟ್ ಮಾಡ್ಸಿದೆ. ಕೆಲವು ಬೋರ್ಡಲ್ಲಿ ಹಳೇ ವರ್ಷನಿಂದ ನೇರ ಹೊಸದಕ್ಕೆ ಹಾರೋಕಾಗಲ್ಲ, ನಡುವಿನ ಒಂದು ವರ್ಷನ್ ಮೊದ್ಲು ಹಾಕ್ಬೇಕು, ಡೌನ್‌ಲೋಡ್ ಪೇಜಲ್ಲೇ ಬರ್ದಿರತ್ತೆ, ಓದಿ. ಆಮೇಲೆ 5600 ಹಾಕಿ ಆನ್ ಮಾಡ್ದ, ಡಿಸ್ಪ್ಲೇ ಬಂತು, ಕಪ್ಪು ಸ್ಕ್ರೀನಲ್ಲಿ ಇಂಗ್ಲಿಷಲ್ಲಿ ಏನೇನೋ ಬರ್ಕೊಂಡು ವೈ ಒತ್ತು ಇಲ್ಲಾ ಎನ್ ಒತ್ತು ಅಂತ ಕೇಳ್ತು. ಎಎಂಡಿ ಬೋರ್ಡಲ್ಲಿ ಪ್ರೊಸೆಸರ್ ಬದ್ಲಾದ್ರೆ ಇದು ಮಾಮೂಲಿ. ಎಫ್‌ಟಿಪಿಎಂ ಅನ್ನೋ ಬೀಗದ ಕೋಣೆ ಪ್ರೊಸೆಸರ್ ಜೊತೆ ಗಂಟು ಹಾಕ್ಕೊಂಡಿರತ್ತೆ, ಅದನ್ನ ಖಾಲಿ ಮಾಡ್ಲಾ ಅಂತ ಕೇಳೋದು. ಡ್ರೈವಿಗೆ ಬಿಟ್‌ಲಾಕರ್ ಬೀಗ ಇದ್ದು, ಕೀ ನಿಮ್ ಹತ್ರ ಇಲ್ಲಾಂದ್ರೆ ವೈ ಒತ್ಬೇಡಿ, ಎನ್ ಒತ್ತಿ. ಇವನ ಡ್ರೈವಿಗೆ ಬೀಗ ಇರ್ಲಿಲ್ಲ, ವೈ ಒತ್ಸಿದೆ.

ಈ ಬಿಟ್‌ಲಾಕರ್ ಬಗ್ಗೆ ಒಂದು ನಿಮಿಷ. ವಿಂಡೋಸ್ 11ನ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ್ರೆ ನಿಮಗೆ ಗೊತ್ತಿಲ್ದೇನೇ ಎನ್‌ಕ್ರಿಪ್ಷನ್ ಆನ್ ಆಗಿರ್ಬಹುದು. ಬೋರ್ಡೋ ಪ್ರೊಸೆಸರ್ರೋ ಬದ್ಲಾಯ್ಸಿದ್ರೆ 48 ಅಂಕಿಯ ರಿಕವರಿ ಕೀ ಕೇಳತ್ತೆ. ಬೇರೆ ಫೋನಿಂದ ಅದೇ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದ್ರೆ ಸಾಮಾನ್ಯವಾಗಿ ಅಲ್ಲಿ ಸೇವ್ ಆಗಿರತ್ತೆ. ಸ್ಕ್ರೂಡ್ರೈವರ್ ಎತ್ಕೊಳ್ಳೋ ಮುಂಚೆನೇ ಅದನ್ನ ಒಂದು ಕಾಗದದಲ್ಲಿ ಬರ್ಕೊಂಡು, ಬಿಟ್‌ಲಾಕರ್ನ ಸಸ್ಪೆಂಡ್ ಮಾಡಿ ಇಟ್ರೆ ನಿದ್ದೆ ಬರತ್ತೆ.

ಇಷ್ಟೆಲ್ಲಾ ನೋಡಿದ್ರೂ ಡಿಸ್ಪ್ಲೇ ಇಲ್ಲ ಅನ್ನೋರು ಬಯಾಸ್ ಸೆಟ್ಟಿಂಗ್ ಅಳಿಸಿ ನೋಡಿ. ಪ್ಲಗ್ ಕಿತ್ತು, ಬೋರ್ಡ್ ಮೇಲೆ ಎಂಟಾಣೆ ಥರ ಇರೋ ಸಿಆರ್2032 ಸೆಲ್ ತೆಗ್ದು ಐದ್ಹತ್ತು ನಿಮಿಷ ಬಿಟ್ಟು ವಾಪಸ್ ಹಾಕಿ. ಸೆಲ್ ಹಳೇದಾಗಿದ್ರೆ ಹೊಸದೇ ಹಾಕಿ, ದೊಡ್ಡ ಖರ್ಚೇನಲ್ಲ.

ಲೋಗೋ ಬರತ್ತೆ, ವಿಂಡೋಸ್ ಬರಲ್ಲ

ಕಷ್ಟದ ಭಾಗ ಮುಗೀತು ಅಂತ ಇಟ್ಕೊಳ್ಳಿ. ನಮ್ ಹುಡುಗಂಗೂ ಹೀಗೇ ಆಯ್ತು, ಆನ್ ಮಾಡಿದಷ್ಟು ಸಲಾನೂ ಬಯಾಸ್ ಸ್ಕ್ರೀನಿಗೇ ಹೋಗಿ ನಿಲ್ತಿತ್ತು. ಅಪ್ಡೇಟ್ ಆದ್ಮೇಲೆ ಸೆಟ್ಟಿಂಗೆಲ್ಲಾ ಕಂಪನಿಯಿಂದ ಬಂದ ಹಾಗೆ ಆಗಿರತ್ತೆ, ಸಿಎಸ್‌ಎಂ ಅನ್ನೋದು, ಅಂದ್ರೆ ಹಳೇ ರೀತೀಲಿ ವಿಂಡೋಸ್ ಶುರು ಮಾಡೋಕೆ ಬಿಡೋ ಸೆಟ್ಟಿಂಗು, ಆಫ್ ಆಗಿತ್ತು. ಅವನ ವಿಂಡೋಸ್ ಎಂಬಿಆರ್ ಅನ್ನೋ ಹಳೇ ಕ್ರಮದ ಡಿಸ್ಕಲ್ಲಿತ್ತು, ಸಿಎಸ್‌ಎಂ ಇಲ್ದೆ ಅದು ಬೂಟ್ ಆಗಲ್ಲ. ಆನ್ ಮಾಡ್ಸಿದೆ, ವಿಂಡೋಸ್ ಬಂತು. ಆದ್ರೆ ವಿಂಡೋಸ್ 11ಕ್ಕೆ ಯುಇಎಫ್‌ಐ ಅನ್ನೋ ಹೊಸ ರೀತಿ ಬೇಕಲ್ಲ, ಹಾಗಾಗಿ ಫೋಟೋ ಡಾಕ್ಯುಮೆಂಟೆಲ್ಲಾ ಬ್ಯಾಕಪ್ ತೆಗೆಸಿ, ವಿಂಡೋಸ್ ಜೊತೆಗೇ ಬರೋ ಎಂಬಿಆರ್2ಜಿಪಿಟಿ ಟೂಲಲ್ಲಿ ಡಿಸ್ಕನ್ನ ಹೊಸ ಜಿಪಿಟಿ ಕ್ರಮಕ್ಕೆ ಕನ್ವರ್ಟ್ ಮಾಡ್ಸಿ ಆಮೇಲೆ ಸಿಎಸ್‌ಎಂ ಆಫ್ ಮಾಡಿದ್ವಿ.

ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದವರಿಗೆ ಬೇರೆ ಥರ ಕಾಟ. ವಿಂಡೋಸ್ ಇರೋದು ಎಸ್‌ಎಸ್‌ಡಿಲಿ, ಆದ್ರೆ ಇನ್ಸ್ಟಾಲ್ ಮಾಡುವಾಗ ಹಾರ್ಡ್‌ಡಿಸ್ಕೂ ಸಿಕ್ಕಿಸಿದ್ರಿಂದ ಬೂಟ್ ಫೈಲ್ ಅದ್ರಲ್ಲಿ ಹೋಗಿ ಕೂತಿರತ್ತೆ, ಅದನ್ನ ಕಿತ್ತ ತಕ್ಷಣ ಬೂಟ್ ಡಿವೈಸ್ ಇಲ್ಲ ಅನ್ನತ್ತೆ. ವಾಪಸ್ ಸಿಕ್ಕಿಸಿ ನೋಡಿ, ಬಂತು ಅಂದ್ರೆ ಇದೇ ಕಥೆ. ಇನ್ನು ಕೆಲವು ಬೋರ್ಡಲ್ಲಿ ಎಂ.2 ಅನ್ನೋ, ಕೇಬಲ್ ಇಲ್ದೆ ನೇರ ಬೋರ್ಡಿಗೇ ಸಿಗ್ಸೋ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ್ರೆ ಡಿಸ್ಕ್ ಕೇಬಲ್ ಹಾಕೋ ಸಾಟಾ ಪೋರ್ಟಲ್ಲಿ ಒಂದೆರಡು ಕೆಲಸ ನಿಲ್ಲಿಸ್ಬಿಡತ್ತೆ, ಹಳೇ ಡಿಸ್ಕಿನ ಕೇಬಲ್ನ ಬೇರೆ ಪೋರ್ಟಿಗೆ ಹಾಕಿ. ಹೆಚ್61 ಥರದ ಹಳೇ ಬೋರ್ಡಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಅನ್ನೋ ಹೊಸ ಥರದ ವೇಗದ ಡ್ರೈವ್ ಸಿಗ್ಸಿದ್ರೆ ಡ್ರೈವ್ ವಿಂಡೋಸ್ ಒಳಗೆ ಕಾಣತ್ತೆ, ಅದ್ರಿಂದ ಬೂಟ್ ಆಗಲ್ಲ, ಅಂಥ ಬೋರ್ಡಿಗೆ ಸಾಟಾ ಎಸ್‌ಎಸ್‌ಡಿನೇ ಸರಿ. ನೀಲಿ ಸ್ಕ್ರೀನಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬಂದ್ರೆ ಬಯಾಸಲ್ಲಿ ಸ್ಟೋರೇಜ್ ಮೋಡ್ ಮೊದಲು ಎಎಚ್‌ಸಿಐ ಇತ್ತಾ ರೇಡ್ ಇತ್ತಾ ಅಂತ ನೆನಪು ಮಾಡ್ಕೊಂಡು ಹಾಗೇ ಇಡಿ.

ಅಂಗಡಿಗೆ ಹೋಗ್ಲೇಬೇಕು ಅಂತಾದ್ರೆ ಹಳೇ ಪಾರ್ಟೂ ಜೊತೆಗೆ ಒಯ್ಯಿರಿ, ಬಿಲ್ ಒಯ್ಯಿರಿ, ಸಾಕೆಟ್ ಪಿನ್ನಿಂದು ಹತ್ತಿರದ ಫೋಟೋ ನೀವೇ ತೆಗೆದಿಟ್ಕೊಳ್ಳಿ, ಆಮೇಲೆ ಪಿನ್ ಬಗ್ಗಿದೆ ವಾರಂಟಿ ಇಲ್ಲ ಅಂದಾಗ ಮಾತಾಡೋಕೆ ಏನಾದ್ರೂ ಇರತ್ತೆ. ಹೊಸ ಬೋರ್ಡ್ ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೀಬೇಡಿ, ವಾರಂಟಿಗೆ ಕಳಿಸುವಾಗ ಅದಿಲ್ಲಾಂದ್ರೆ ಬೋರ್ಡ್ ತಗೊಳ್ಳಲ್ಲ ಅಂತ ತಕರಾರು ತೆಗೀತಾರೆ.

ರಾತ್ರಿ ಒಂದೂವರೆಗೆ ನಮ್ ಹುಡುಗ ಹೊಸ ರ‍್ಯಾಮೂ ಹಾಕಿ ಆನ್ ಮಾಡ್ದ, ಎಲ್ಲಾ ಸರಿ ಇತ್ತು. ಬೆಳಗ್ಗೆ ಎದ್ದವನೇ ಹಳೇ 1600ನ ಮಾರಾಟಕ್ಕೆ ಹಾಕ್ಲಾ ಅಂತ ಮೆಸೇಜ್ ಮಾಡಿದಾನೆ. ತಿಂಗಳು ಹೋಗ್ಲಿ, ಅಲ್ಲಿವರೆಗೂ ಪಿನ್ ಮೇಲೆ ಬರೋ ಹಾಗೆ ಡಬ್ಬದಲ್ಲಿಟ್ಟು ಬೀರು ಮೇಲಿಡು, ತಂಗಿ ಪೆನ್ಸಿಲ್ ವಾಪಸ್ ಕೊಡು ಅಂತ ಬರ್ದೆ.